‘ಬಲಿ’ ಶಬ್ದವೂ ಗಂಧಕಜಾರಣವೂ

ವೈದ್ಯಗ್ರಂಥಗಳ ಹಸ್ತಪ್ರತಿಗಳಲ್ಲಿ ಲಿಪಿಗಿಂತಲೂ ಪರಿಭಾಷೆಯೇ ಹೆಚ್ಚಿನ ತೊಡಕನ್ನು ಒಡ್ಡುವುದುಂಟು. ರಸಶಾಸ್ತ್ರದ ‘ಬಲಿಜಾರಣ’ವೆಂಬ ಪದ ಇದಕ್ಕೆ ನಿದರ್ಶನ. ರೂಢಾರ್ಥವನ್ನೇ ಹಿಡಿದವರಿಗೆ ಇಲ್ಲಿ ದೇವತೆಗೆ ಅರ್ಪಿಸುವ ಬಲಿಯ ಭ್ರಮೆಯಾಗುತ್ತದೆ. ವಸ್ತುತಃ ಈ ಶಾಸ್ತ್ರದಲ್ಲಿ ‘ಬಲಿ’ ಎಂದರೆ ಗಂಧಕ.

ಗಂಧಕಕ್ಕೆ ಗಂಧಪಾಷಾಣ, ಬಲಿವಸಾ, ಶುಲ್ಬಾರಿ ಎಂಬ ಹೆಸರುಗಳೂ ಉಂಟು. ‘ವಸಾ’ ಎಂದರೆ ಕೊಬ್ಬು. ಬಲಿರಾಜನ ಕೊಬ್ಬೆಂಬ ಪೌರಾಣಿಕ ಕಲ್ಪನೆಯಿಂದ ಬಲಿವಸಾ ಎಂಬ ಹೆಸರು ಬಂದಿದೆಯೇ ಹೊರತು ಪ್ರಾಣಿಜನ್ಯ ದ್ರವ್ಯವೆಂಬ ಅರ್ಥದಲ್ಲಿ ಅಲ್ಲ. ಶುಲ್ಬವೆಂದರೆ ತಾಮ್ರ. ಗಂಧಕದೊಡನೆ ಕಾಸಿದ ತಾಮ್ರವು ಕೆಂಪು ಹೊಳಪನ್ನು ಕಳೆದುಕೊಂಡು ಕಪ್ಪಾಗಿ, ಪುಡಿಯಾಗತಕ್ಕ ದ್ರವ್ಯವಾಗುತ್ತದೆ. ಈ ಕ್ರಿಯೆಯೇ ‘ಮಾರಣ’. ಆದುದರಿಂದಲೇ ಗಂಧಕವು ತಾಮ್ರದ ಅರಿ.

ಪ್ರಯೋಗಕ್ರಮವನ್ನು ನೋಡಿದರೆ ಅರ್ಥ ಇನ್ನೂ ಸ್ಪಷ್ಟವಾಗುವುದು. ಗಂಧಕವನ್ನು ತುಪ್ಪದಲ್ಲಿ ಕರಗಿಸಿ, ಬಟ್ಟೆಯ ಮೂಲಕ ಹಾಲಿಗೆ ಸೋಸುವುದು ಶೋಧನ. ಶುದ್ಧಗಂಧಕವನ್ನು ಪಾದರಸದೊಡನೆ, ರಸದ ಹೊಳಪು ಕಾಣದಂತಾಗುವವರೆಗೆ ಅರೆದರೆ ಕಜ್ಜಲಿ. ಅಗ್ನಿಯೋಗದಿಂದ ಪಾರದದಲ್ಲಿ ಗಂಧಕವನ್ನು ಜೀರ್ಣಗೊಳಿಸುವುದು ಜಾರಣ. ಪಾರದದ ಆರುಪಟ್ಟು ಗಂಧಕವನ್ನು ಹೀಗೆ ಜೀರ್ಣಗೊಳಿಸಿದರೆ ‘ಷಡ್ಗುಣಬಲಿಜಾರಣ’. ಕಜ್ಜಲಿಯನ್ನು ಕಾಚಕೂಪಿಯಲ್ಲಿಟ್ಟು ವಾಲುಕಾಯಂತ್ರದಲ್ಲಿ ಪಾಕಮಾಡಿದಾಗ ಕೂಪಿಯ ಕಂಠದಲ್ಲಿ ಕೆಂಪಾದ ರಸಸಿಂದೂರ ನಿಲ್ಲುತ್ತದೆ.

ಲಿಪಿಕಾರನ ಸ್ಖಾಲಿತ್ಯವೂ ಇಲ್ಲಿ ಸೇರಿಕೊಳ್ಳಬಹುದು. ‘ಚಾರಣ’ವೆಂದರೆ ಪಾರದಕ್ಕೆ ಗ್ರಾಸವನ್ನು ಉಣಿಸುವುದು, ‘ಜಾರಣ’ವೆಂದರೆ ಅದನ್ನು ಜೀರ್ಣಗೊಳಿಸುವುದು. ಒಂದಕ್ಷರ ವ್ಯತ್ಯಾಸವಾದರೂ ವಾಕ್ಯಕ್ಕೆ ಅರ್ಥ ಉಳಿಯುವುದರಿಂದ ದೋಷವು ಸುಲಭವಾಗಿ ಗೋಚರಿಸದು. ಚಾರಣಋದ್ಧಿಯನ್ನು ಬಲ್ಲ ಜೈನ ಓದುಗರಿಗೆ ‘ಚಾರಣ’ವೇ ಪರಿಚಿತ ಶಬ್ದವಾಗಿ ತೋರುವುದೂ ಸಹಜ.

ಜೈನ ವೈದ್ಯಗ್ರಂಥಗಳ ಸಂಪಾದನೆಯಲ್ಲಿ ಈ ಎಚ್ಚರ ವಿಶೇಷವಾಗಿ ಅವಶ್ಯ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಪ್ರಕಟವಾದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ದಲ್ಲಿ ರಸವಿಷಯವೂ ಉಂಟು, ಮಾಂಸಸೇವನೆಯನ್ನು ಖಂಡಿಸುವ ಹಿತಾಹಿತಾಧ್ಯಾಯವೂ ಉಂಟು. ಇಂತಹ ಪರಂಪರೆಯ ಗ್ರಂಥದಲ್ಲಿ ಬಲಿ, ವಸಾ, ಮಾರಣಗಳು ಕಂಡರೆ ರೂಢಾರ್ಥ ಮಾಡುವುದು ಆಚಾರ್ಯರ ಮೇಲೆ ಇಲ್ಲದ ಹಿಂಸೆಯನ್ನು ಆರೋಪಿಸಿದಂತೆ. ಅಥವಾ ಶ್ಲೋಕವೇ ಪ್ರಕ್ಷಿಪ್ತವೆಂದು ಶುದ್ಧಪಾಠವನ್ನು ತೆಗೆದುಹಾಕಿದಂತೆ.

ಹರಿತಾಳ, ಹಿಂಗುಲ, ಮನಃಶಿಲೆಗಳನ್ನು ಉತ್ತರಾಧ್ಯಯನವು ಪೃಥ್ವೀಕಾಯದ ಭೇದಗಳಲ್ಲಿ ಎಣಿಸಿದೆ. ಈ ಮೂರೂ ಗಂಧಕಯುಕ್ತ ಖನಿಜಗಳೇ. ಆದುದರಿಂದ ಖನಿಜಪ್ರಯೋಗದಲ್ಲಿ ಸಚಿತ್ತಾಚಿತ್ತ ವಿಚಾರವು ಅವಶ್ಯವಾಗಿ ಏಳುತ್ತದೆ. ಆದರೆ ಅದನ್ನು ನಿರ್ಣಯಿಸಬೇಕಾದುದು ಆಗಮದಿಂದ, ದ್ರವ್ಯದ ಹೆಸರಿನಿಂದಲ್ಲ. ಮೊದಲು ಪ್ರಕ್ರಿಯೆ, ಅನಂತರ ಶಬ್ದಾರ್ಥ, ಕೊನೆಗೆ ಪಾಠನಿರ್ಣಯ: ಈ ಕ್ರಮವೇ ಸಂಪಾದಕರಿಗೆ ಶ್ರೇಯಸ್ಕರ.