ಯುದ್ಧ ಬೇಡವೆನ್ನುವ ಹಕ್ಕು: ೧೯೪೦ರ ವೈಯಕ್ತಿಕ ಸತ್ಯಾಗ್ರಹ

೧೯೩೯ನೆಯ ಸೆಪ್ಟೆಂಬರ್ ೩ರಂದು ವೈಸರಾಯ್ ಲಿನ್‌ಲಿತ್‌ಗೋ ಪ್ರಭುಗಳು ಭಾರತವೂ ಜರ್ಮನಿಯೊಡನೆ ಯುದ್ಧದಲ್ಲಿದೆಯೆಂದು ಸಾರಿದರು. ಕೇಂದ್ರ ಶಾಸನಸಭೆಯನ್ನಾಗಲಿ, ಎಂಟು ಪ್ರಾಂತಗಳಲ್ಲಿ ಆಡಳಿತ ನಡೆಸುತ್ತಿದ್ದ ಕಾಂಗ್ರೆಸ್ ಮಂತ್ರಿಮಂಡಲಗಳನ್ನಾಗಲಿ ಒಂದು ಮಾತು ಕೇಳಿದ್ದಿಲ್ಲ. ಅಂದು ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕಾಸರಗೋಡು, ಆದವಾನಿ, ರಾಯದುರ್ಗ, ಹೊಸೂರು, ತಾಳವಾಡಿಗಳು ಮದರಾಸು ಪ್ರಾಂತಕ್ಕೆ, ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಕ್ಕಲಕೋಟೆ, ಜತ್ತಗಳಿಗೆ ತಮ್ಮ ತಮ್ಮ ಸಂಸ್ಥಾನಿಕರಿದ್ದರು. ಹೀಗೆ ಬೇರೆ ಬೇರೆ ಆಡಳಿತಗಳಿಗೆ ಒಳಪಟ್ಟಿದ್ದ ಈ ಸೀಮೆಗಳೆಲ್ಲ ಒಂದೇ ಪ್ರಕಟನೆಯಿಂದ ಒಂದೇ ಯುದ್ಧಕ್ಕೆ ಸೇರಿದವು.

ಈ ಯುದ್ಧವನ್ನು ಕುರಿತು ಕಾಂಗ್ರೆಸ್ಸಿನ ನಿಲುವು ಮೊದಲಿನಿಂದಲೂ ಒಂದೇ ಆಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಆ ವರ್ಷದ ಕೊನೆಯಲ್ಲಿ ಮಂತ್ರಿಮಂಡಲಗಳು ರಾಜೀನಾಮೆಯಿತ್ತು ಹೊರಬಂದವು, ನಿಜ. ಯುದ್ಧವೇ ಅಧರ್ಮವೆಂದಲ್ಲ; ತಮ್ಮನ್ನು ಕೇಳದೆ ದೇಶವನ್ನು ಅದರಲ್ಲಿ ನೂಕಿದರೆಂದು. ೧೯೪೦ರ ಜುಲೈಯಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು, ಸ್ವಾತಂತ್ರ್ಯವನ್ನು ಒಪ್ಪಿ ರಾಷ್ಟ್ರೀಯ ಸರಕಾರವನ್ನು ರಚಿಸಿದರೆ ದೇಶರಕ್ಷಣೆಯಲ್ಲಿ ಕೈಗೂಡಿಸಲು ಸಿದ್ಧವೆಂದಿತು. ಗಾಂಧೀಜಿಯವರು ಆಗ ದೂರ ಸರಿದಿದ್ದರು. ಆಗಸ್ಟ್ ೮ರಂದು ವೈಸರಾಯರು ಕೊಟ್ಟ ಉತ್ತರ ಕಾಂಗ್ರೆಸ್ಸಿಗೆ ಒಪ್ಪಿಗೆಯಾಗಲಿಲ್ಲ. ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಸಮಿತಿಯು ನಾಯಕತ್ವವನ್ನು ಮತ್ತೆ ಗಾಂಧೀಜಿಯವರಿಗೆ ಒಪ್ಪಿಸಿತು.

ಅದೇ ತಿಂಗಳ ೨೭ ಮತ್ತು ೩೦ರಂದು ಸಿಮ್ಲಾದಲ್ಲಿ ಗಾಂಧೀಜಿ-ವೈಸರಾಯರ ಭೇಟಿ ನಡೆಯಿತು. ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ. ಗಾಂಧೀಜಿ ಅಂದು ಸ್ವರಾಜ್ಯವನ್ನು ಕೇಳಲಿಲ್ಲ. ಯುದ್ಧಕ್ಕೆ ಜನ, ಹಣ ಕೊಡಬೇಡಿರೆಂದು ಜನರಿಗೆ ಶಾಂತವಾಗಿ ತಿಳಿಹೇಳುವ ಸ್ವಾತಂತ್ರ್ಯವನ್ನು ಮಾತ್ರ ಕೇಳಿದರು. ವೈಸರಾಯರು ಇಂಗ್ಲೆಂಡಿನ ಉದಾಹರಣೆ ಕೊಟ್ಟರು. ೧೯೧೬ರಲ್ಲಿ ಅಲ್ಲಿ ಕಡ್ಡಾಯ ಸೈನ್ಯಸೇವೆ ಬಂದಂದಿನಿಂದಲೂ, ಕೊಲ್ಲುವುದು ತನ್ನ ಅಂತಃಕರಣಕ್ಕೆ ವಿರೋಧವೆನ್ನುವವನಿಗೆ ವಿನಾಯಿತಿ ಕೊಡಲು ಕಾನೂನಿನಲ್ಲಿ ಅವಕಾಶವಿತ್ತು. ಅಂಥವನು ತನ್ನ ನಂಬಿಕೆಯನ್ನು ಬಹಿರಂಗವಾಗಿ ಹೇಳಿಕೊಳ್ಳಬಹುದು. ಆದರೆ ಸಿಪಾಯಿಗಳನ್ನೋ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರನ್ನೋ ಅವರ ಕೆಲಸದಿಂದ ಹಿಂದೆಗೆಯುವಂತೆ ಪ್ರೇರಿಸಕೂಡದು. ಇಲ್ಲಿಯೂ ಅಷ್ಟೇ ಎಂದರು. ಅಂದರೆ ನಂಬಿಕೆ ನಿನ್ನಲ್ಲಿರಲಿ, ನೆರೆಯವನಿಗೆ ಹೇಳಬೇಡ ಎಂದಂತಾಯಿತು. ಮಾತುಕತೆ ಮುರಿಯಿತು.

ಅಕ್ಟೋಬರ್ ೧೭ರಂದು ವರ್ಧಾದ ಹತ್ತಿರದ ಪೌನಾರ್ ಗ್ರಾಮದಲ್ಲಿ ವಿನೋಬಾ ಭಾವೆಯವರು ಯುದ್ಧದ ವಿರುದ್ಧ ಭಾಷಣ ಮಾಡಿದರು. ಅಲ್ಲಿಯವರೆಗೆ ಆಶ್ರಮಗಳ ಹೊರಗೆ ಅವರ ಹೆಸರನ್ನು ಕೇಳಿದವರು ಕಡಿಮೆ. ಊರಿಂದೂರಿಗೆ ನಡೆದು ಮಾತನಾಡುತ್ತಿದ್ದ ಅವರನ್ನು ೨೧ರಂದು ಹಿಡಿದು ಮೂರು ತಿಂಗಳ ಶಿಕ್ಷೆ ವಿಧಿಸಿದರು. ಎರಡನೆಯವರು ಜವಾಹರಲಾಲ್ ನೆಹರೂ. ಅವರು ಸತ್ಯಾಗ್ರಹ ಹೂಡುವ ಮೊದಲೇ, ಹಿಂದೆ ಮಾಡಿದ ಭಾಷಣಗಳಿಗಾಗಿ ಅಕ್ಟೋಬರ್ ೩೧ರಂದು ಸೆರೆಹಿಡಿದು ಗೋರಖಪುರದಲ್ಲಿ ನಾಲ್ಕು ವರ್ಷ ಹಾಕಿದರು. ಮೂರು ತಿಂಗಳೆಲ್ಲಿ, ನಾಲ್ಕು ವರ್ಷವೆಲ್ಲಿ! ಮೂರನೆಯವರು ಆಶ್ರಮವಾಸಿ ಬ್ರಹ್ಮದತ್ತರು.

ಚಳವಳಿಯ ಕಟ್ಟಳೆಗಳು ಚಳವಳಿಗಾರರಿಗೇ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಸತ್ಯಾಗ್ರಹಿಯ ಹೆಸರನ್ನು ಗಾಂಧೀಜಿ ಒಪ್ಪಬೇಕು. ಆತ ಸ್ಥಳವನ್ನೂ ವೇಳೆಯನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಮುಂಚಿತವಾಗಿ ಬರೆದು ತಿಳಿಸಬೇಕು. ಗುಂಪು ಕೂಡಿಸಬಾರದು, ಗೊತ್ತುಮಾಡಿದ ಘೋಷಣೆಯನ್ನು ಹೇಳಬೇಕು, ಹಿಡಿಯದಿದ್ದರೆ ದಿಲ್ಲಿಯ ದಾರಿ ಹಿಡಿದು ಹಳ್ಳಿಹಳ್ಳಿಯಲ್ಲಿ ಅದನ್ನೇ ಹೇಳುತ್ತ ನಡೆಯಬೇಕು. ಕ್ರಿಸ್ಮಸ್ಸಿನ ದಿನಗಳಲ್ಲಿ ಅಧಿಕಾರಿಗಳಿಗೆ ತೊಂದರೆಯಾಗದಿರಲೆಂದು ಚಳವಳಿಗೇ ಬಿಡುವು ಕೊಟ್ಟರು. ಲಂಡನ್ನಿನ ಮೇಲೆ ರಾತ್ರಿರಾತ್ರಿ ಬಾಂಬು ಬೀಳುತ್ತಿದ್ದಾಗ ಎದುರಾಳಿಯ ಸಂಕಟವನ್ನು ತನ್ನ ಲಾಭಕ್ಕೆ ಬಳಸಿಕೊಳ್ಳಬಾರದೆಂಬುದು ಗಾಂಧೀಜಿಯವರ ಹಟ. ಒಬ್ಬೊಬ್ಬರನ್ನೇ ಆರಿಸಿ ಕಳಿಸಿದ್ದರ ಗುಟ್ಟೂ ಇದೇ. ಇಷ್ಟು ಮೆತ್ತಗಿನ ಚಳವಳಿಯಿಂದ ಏನಾದೀತೆಂದು ಹಲವರು ಅಂದೇ ಹಳಿದರು. ಆದರೂ ನವೆಂಬರಿನಿಂದ ಕಾರ್ಯಸಮಿತಿಯವರೂ ಶಾಸಕರೂ, ಮುಂದಿನ ವರ್ಷ ಸಾಮಾನ್ಯ ಸದಸ್ಯರೂ ಹೊರಟು, ೧೯೪೧ರ ನಡುವಿನ ಹೊತ್ತಿಗೆ ಸುಮಾರು ೨೦,೦೦೦ಕ್ಕೂ ಹೆಚ್ಚು ಮಂದಿ ಸೆರೆಮನೆ ಸೇರಿದ್ದರು.

ಇವರೆಲ್ಲರೂ ಯುದ್ಧಮಾತ್ರವನ್ನೇ ಪಾಪವೆಂದೆಣಿಸಿದವರೇ? ಅಲ್ಲವೆಂದೇ ನಾವು ಹೇಳಬೇಕಾಗುತ್ತದೆ. ಸ್ವತಃ ಗಾಂಧೀಜಿ ೧೯೧೮ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಜನ ಕೂಡಿಸಲು ತಿರುಗಿದ್ದರು. ನೆಹರೂ ಅವರು ಹಿಟ್ಲರನ ಕಡುವಿರೋಧಿ. ನಮ್ಮ ಗಡಿಗೆ ಸಂಬಂಧಿಸಿದ ಉದಾಹರಣೆ ರಾಜಾಜಿಯವರದು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರಿನ ಶಾಲೆಯಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿ, ಮದರಾಸಿನ ಪ್ರಧಾನಿಯಾಗಿದ್ದ ಅವರು ಪುಣೆಯ ನಿರ್ಣಯದ ಮುಖ್ಯ ಪ್ರತಿಪಾದಕರು. ಅಹಿಂಸೆಯಿಂದ ದೇಶದ ಗಡಿ ಕಾಯಬಹುದೆಂದು ನಂಬಿದವರಲ್ಲ. ಆದರೂ ೧೯೪೦ರ ಡಿಸೆಂಬರಿನಲ್ಲಿ ಅವರೂ ಸೆರೆಯಾಗಿ ಒಂದು ವರ್ಷದ ಶಿಕ್ಷೆ ಪಡೆದರು. ಇದನ್ನು ಕಪಟವೆಂದು ಕರೆಯಲು ನಮಗೆ ಮನಸ್ಸಿಲ್ಲ. ಯುದ್ಧ ಬೇಕೆನ್ನುವವನೂ ಬೇಡವೆನ್ನುವವನ ಬಾಯಿ ಕಟ್ಟುವುದನ್ನು ವಿರೋಧಿಸಬಹುದು; ಅದಕ್ಕಾಗಿ ಸೆರೆಗೂ ಹೋಗಬಹುದು.

ಯುದ್ಧಪ್ರಯತ್ನವೇನೋ ನಿಲ್ಲಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೈನ್ಯ ಸುಮಾರು ೨೫ ಲಕ್ಷಕ್ಕೆ ಏರಿತ್ತು. ೧೯೪೧ರ ಡಿಸೆಂಬರ್ ಮೊದಲ ವಾರದಲ್ಲಿ ನೆಹರೂ, ಆಜಾದ್ ಮೊದಲಾದವರ ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ ಜಪಾನು ಯುದ್ಧಕ್ಕಿಳಿದು ಪ್ರಶ್ನೆಯೇ ಬೇರೆಯಾಯಿತು. ೧೯೪೨ರಲ್ಲಿ ರಾಜಾಜಿ ಕಾಂಗ್ರೆಸ್ಸನ್ನೇ ಬಿಟ್ಟು, ಕ್ವಿಟ್ ಇಂಡಿಯಾ ಚಳವಳಿಯಿಂದ ದೂರ ನಿಂತರು.

ಇಪ್ಪತ್ತು ವರ್ಷಗಳ ಮೇಲೆ, ೧೯೬೨ರ ಸೆಪ್ಟೆಂಬರಿನಲ್ಲಿ, ಎಂಬತ್ತು ದಾಟಿದ ಅದೇ ರಾಜಾಜಿ ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದ ಮುಖ್ಯರಾಗಿ ವಾಷಿಂಗ್ಟನ್ನಿಗೆ ಹೋಗಿ, ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಕೆನೆಡಿಯವರನ್ನು ಕೇಳಿದರು. ಜತೆಗಿದ್ದವರು ಧಾರವಾಡದ ರಂಗನಾಥ ದಿವಾಕರರು, ಮಂಗಳೂರಿನ ಬಿ. ಶಿವರಾವ್ ಅವರು. ಮರುವರ್ಷದ ಆಗಸ್ಟಿನಲ್ಲಿ ನೆಲದಡಿಯವನ್ನುಳಿದು ಮಿಕ್ಕ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿದ್ದಿತು. ಈ ಮೂವರ ಮಾತಿನಿಂದಲೇ ಅದಾಯಿತೆಂದು ನಾವು ಹೇಳುವುದಿಲ್ಲ.