ಕಲ್ಲು ಹೇಳಿದ ದಿನಾಂಕ, ಮರ ನುಡಿದ ಸಾಕ್ಷಿ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಉತ್ತರ ಭಾಗದಲ್ಲಿ, ದಟ್ಟ ಮಳೆಕಾಡಿನ ನಡುವೆ ಟಿಕಾಲ್ ಎಂಬ ಹಾಳುನಗರವಿದೆ. ಮರಗಳ ತುದಿಯನ್ನೂ ಮೀರಿ ನಿಂತ ಅಲ್ಲಿನ ಸುಣ್ಣಕಲ್ಲಿನ ಪಿರಮಿಡ್ಡುಗಳ ಚಿತ್ರವನ್ನು ನೀವು ನೋಡಿರಬಹುದು. ಪ್ರಾಚೀನ ಮಾಯಾ ನಾಗರಿಕತೆಯ ದೊಡ್ಡ ನಗರಗಳಲ್ಲಿ ಇದೂ ಒಂದು. 1959ರಲ್ಲಿ ಇಲ್ಲಿ ಮುರಿದ ನಿಲುಗಲ್ಲೊಂದು ದೊರೆಯಿತು. ಅದರ ಮೇಲೆ ಐದು ಸಂಖ್ಯೆಗಳಿದ್ದವು: 8, 12, 14, 8, 15. ಇದೊಂದು ದಿನಾಂಕ. ಹಾಳುನಗರವೊಂದು ತನ್ನ ಕಾಲವನ್ನು ದಿನದ ಲೆಕ್ಕದಲ್ಲೇ ಹೇಳುವುದು ಅಪರೂಪ. ಆದರೆ ಆ ದಿನ ನಮ್ಮ ಕ್ಯಾಲೆಂಡರಿನಲ್ಲಿ ಯಾವುದು? ಉತ್ತರ ನಾವೆಣಿಸುವಷ್ಟು ಸುಲಭವಲ್ಲ.

ಮೊದಲು ಆ ಸಂಖ್ಯೆಗಳನ್ನು ಓದೋಣ. ಮಾಯಾ ಜನ ಚುಕ್ಕೆಯಿಂದ 1ನ್ನೂ ಅಡ್ಡಗೆರೆಯಿಂದ 5ನ್ನೂ ಸೂಚಿಸುತ್ತಿದ್ದರು. ಸೊನ್ನೆಗೂ ಅವರಲ್ಲಿ ಪ್ರತ್ಯೇಕ ಚಿಹ್ನೆಯಿತ್ತು. ನಮ್ಮದು ಹತ್ತರ ಪದ್ಧತಿಯಾದರೆ ಅವರದು ಇಪ್ಪತ್ತರದು. ದೀರ್ಘಗಣನೆ ಎನ್ನಲಾಗುವ ಅವರ ಕಾಲಮಾನದಲ್ಲಿ 20 ದಿನಗಳಿಗೆ ಒಂದು ವಿನಾಲ್, 18 ವಿನಾಲ್‌ಗಳಿಗೆ ಒಂದು ತುನ್ (360 ದಿನ), 20 ತುನ್‌ಗಳಿಗೆ ಒಂದು ಕತುನ್ (7,200 ದಿನ), 20 ಕತುನ್‌ಗಳಿಗೆ ಒಂದು ಬಕ್ತುನ್ (1,44,000 ದಿನ). ಹಾಗಾದರೆ ನಿಲುಗಲ್ಲಿನ ದಿನಾಂಕ:

8 × 1,44,000 + 12 × 7,200 + 14 × 360 + 8 × 20 + 15 = 12,43,615 ದಿನಗಳು.

ಅಂದರೆ ಗಣನೆಯ ಆರಂಭದಿಂದ ಅಷ್ಟು ದಿನಗಳು ಕಳೆದಿವೆ ಎಂದರ್ಥ. ನಮ್ಮ ಪಂಚಾಂಗಕರ್ತರ ಅಹರ್ಗಣವೂ ಇಂಥದೇ ದಿನಗಳ ಎಣಿಕೆ.

ಲೆಕ್ಕ ಖಚಿತ. ತೊಡಕಿರುವುದು ಆ ಆರಂಭದ ದಿನ ಯಾವುದೆಂಬಲ್ಲಿ. ಸ್ಪೇನಿನವರು 16ನೇ ಶತಮಾನದಲ್ಲಿ ಬರುವ ವೇಳೆಗೆ ದೀರ್ಘಗಣನೆ ಬಳಕೆಯಿಂದ ಮರೆಯಾಗಿತ್ತು. ಅದರ ಮೇಲೆ 1562ರಲ್ಲಿ ಯುಕಟಾನಿನ ಮನಿ ಎಂಬ ಊರಿನಲ್ಲಿ ಪಾದ್ರಿ ಡಿಯಾಗೊ ಡಿ ಲಾಂಡ ಮಾಯಾ ಗ್ರಂಥಗಳನ್ನು ಸುಡಿಸಿದ. ಇಂದು ಉಳಿದಿರುವ ಮಾಯಾ ಗ್ರಂಥಗಳು ನಾಲ್ಕೇ. ಹೀಗೆ ಎರಡು ಕ್ಯಾಲೆಂಡರುಗಳ ನಡುವಿನ ಸೇತುವೆ ಮುರಿದುಬಿತ್ತು.

ವಿದ್ವಾಂಸರು ಉಳಿದ ದಾಖಲೆಗಳಿಂದ ಅದನ್ನು ಮತ್ತೆ ಕಟ್ಟಲು ಯತ್ನಿಸಿದರು. ಗುಡ್‌ಮನ್ 1905ರಲ್ಲಿ ಸೂಚಿಸಿ, ಮುಂದೆ ಮಾರ್ಟಿನೆಜ್ ಮತ್ತು ಥಾಂಪ್ಸನ್ ತಿದ್ದಿದ ಹೊಂದಾಣಿಕೆಯ ಪ್ರಕಾರ ಗಣನೆಯ ಆರಂಭ ಕ್ರಿ.ಪೂ. 3114ರ ಆಗಸ್ಟ್, ನಮ್ಮ ನಿಲುಗಲ್ಲಿನ ದಿನಾಂಕ ಕ್ರಿ.ಶ. 292ರ ಜುಲೈ. ಸ್ಪಿಂಡನ್ ಮಂಡಿಸಿದ ಇನ್ನೊಂದು ಹೊಂದಾಣಿಕೆ ಎಲ್ಲವನ್ನೂ ಸುಮಾರು 260 ವರ್ಷ ಹಿಂದಕ್ಕೆ ತಳ್ಳುತ್ತಿತ್ತು. ಯಾವುದು ಸರಿ? ಕಲ್ಲು ಇದನ್ನು ಹೇಳಲಾರದು. ಹೇಳಬಲ್ಲದ್ದು ಮರ.

ಟಿಕಾಲ್‌ನ ದೇವಾಲಯಗಳ ಬಾಗಿಲುಗಳ ಮೇಲೆ ಕೆತ್ತನೆಯ ಮರದ ತೊಲೆಗಳಿದ್ದವು. ಆ ಮರ ನಿಮಗೆ ಅಪರಿಚಿತವಲ್ಲ, ಅದು ಸಪೋಟ. ಇಂದು ನಮ್ಮ ತೋಟಗಳಲ್ಲಿ ಬೆಳೆಯುವ ಈ ಮರದ ತವರು ಅದೇ ಪ್ರದೇಶ. ಬೆಳೆಯುವ ಮರ ಗಾಳಿಯಿಂದ ವಿಕಿರಣಶೀಲ ಕಾರ್ಬನ್-14ನ್ನು ಹೀರುತ್ತದೆ. ಒಂದು ಪದರದ ಬೆಳವಣಿಗೆ ನಿಂತ ಮೇಲೆ ಅದರಲ್ಲಿರುವ ಕಾರ್ಬನ್-14 ಕ್ಷಯಿಸುತ್ತಾ ಹೋಗುತ್ತದೆ. ಅರ್ಧಾಯು 5,730 ವರ್ಷ. ಉಳಿದ ಪ್ರಮಾಣವನ್ನು ಅಳೆದರೆ ಕಾಲ ತಿಳಿಯುತ್ತದೆ.

ಆದರೆ 1950ರ ದಶಕದ ಆರಂಭದಲ್ಲಿ ಮಾಡಿದ ಅಳತೆಗಳು ಸ್ಪಿಂಡನ್ನರ ಕಡೆಗೇ ವಾಲಿದವು! ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಹಲವು ತೊಲೆಗಳ ಮಾದರಿಗಳನ್ನು ಅಳೆದು 1960ರಲ್ಲಿ ಪ್ರಕಟಿಸಿದ ಫಲಿತಾಂಶ ಥಾಂಪ್ಸನ್ನರ ಪರವಾಗಿತ್ತು. ಭೌತವಿಜ್ಞಾನದ ಉಪಕರಣ ಹೇಳಿತೆಂದ ಮಾತ್ರಕ್ಕೆ ಒಂದೇ ಅಳತೆಯನ್ನು ನಂಬಬಾರದೆಂಬುದಕ್ಕೆ ಇದು ಒಳ್ಳೆಯ ಪಾಠ. ಇಲ್ಲೊಂದು ಸೂಕ್ಷ್ಮವನ್ನೂ ಗಮನಿಸಿ: ತೊಲೆಯ ಒಳಪದರಗಳು ಹೊರಪದರಗಳಿಗಿಂತ ಹಳೆಯವು. ಮಾದರಿಯನ್ನು ಒಳಗಿನಿಂದ ತೆಗೆದರೆ, ಮರ ಕಡಿದ ಕಾಲಕ್ಕಿಂತ ಎಷ್ಟೋ ವರ್ಷ ಹಿಂದಿನ ಉತ್ತರ ಬರುತ್ತದೆ.

2013ರಲ್ಲಿ ಕೆನೆಟ್ ಮತ್ತು ಸಂಗಡಿಗರು ಈ ಸೂಕ್ಷ್ಮವನ್ನೇ ಬಲವಾಗಿಸಿಕೊಂಡರು. ಟಿಕಾಲ್‌ನ ಒಂದನೇ ದೇವಾಲಯದ ತೊಲೆಯಲ್ಲಿ ಒಳಗಿನಿಂದ ಹೊರಗಿನವರೆಗೆ ಹಲವು ಪದರಗಳನ್ನು ಅಳೆದರು; ಮರದ ಬೆಳವಣಿಗೆಯ ವೇಗವನ್ನು ಕ್ಯಾಲ್ಸಿಯಂ ಪ್ರಮಾಣದ ಏರಿಳಿತದಿಂದ ಅಂದಾಜಿಸಿದರು. ಟಿಕಾಲ್‌ನ ಅರಸ ಕಲಕ್ಮುಲ್ ನಗರದ ದೊರೆಯನ್ನು ಸೋಲಿಸಿದ ಸಂಗತಿ ಆ ತೊಲೆಯ ಮೇಲಿದೆ. ಥಾಂಪ್ಸನ್ ಹೊಂದಾಣಿಕೆಯಂತೆ ಆ ಘಟನೆ ನಡೆದದ್ದು ಕ್ರಿ.ಶ. 695ರಲ್ಲಿ. ಮರ ಕೊಟ್ಟ ಉತ್ತರ 7ನೇ ಶತಮಾನದ ದ್ವಿತೀಯಾರ್ಧ. ಕಲ್ಲೂ ಮರವೂ ಒಂದೇ ಮಾತು ಹೇಳಿದವು.

260 ವರ್ಷ ಆಚೀಚೆಯಾದರೆ ಏನಂತೆ, ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಚಿಚಂಕನಾಬ್ ಎಂಬ ಸರೋವರದ ಕೆಸರಿನಲ್ಲಿದೆ. ನೀರು ಆವಿಯಾಗಿ ಸರೋವರ ಬತ್ತಿದಾಗ ಜಿಪ್ಸಂ ತಳಕ್ಕಿಳಿಯುತ್ತದೆ. 1995ರಲ್ಲಿ ಹೊಡೆಲ್ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಈ ಕೆಸರು ಕ್ರಿ.ಶ. 800ರಿಂದ 1000ದ ನಡುವೆ ತೀವ್ರ ಬರಗಾಲವನ್ನು ತೋರಿಸುತ್ತದೆ. ದಕ್ಷಿಣದ ನಗರಗಳಲ್ಲಿ ದಿನಾಂಕ ಕೆತ್ತುವುದು ನಿಂತದ್ದೂ ಆಗಲೇ. ಟೋನಿನಾದಲ್ಲಿರುವ ದೀರ್ಘಗಣನೆಯ ಕೊನೆಯ ದಿನಾಂಕ ಕ್ರಿ.ಶ. 909. ಸ್ಪಿಂಡನ್ನರ ಲೆಕ್ಕದಲ್ಲಾದರೆ ಅದು ಸುಮಾರು 649 ಆಗುತ್ತಿತ್ತು. ಆಗ ನಗರಗಳು ಬರ ಬರುವ ಮೊದಲೇ ಬರಿದಾದವು ಎನ್ನಬೇಕಾಗುತ್ತಿತ್ತು! ಕಾರಣ ಎಂದೂ ಪರಿಣಾಮದ ನಂತರ ಬರಲಾರದು. ಬರದ ಜೊತೆಗೆ ಯುದ್ಧ, ರಾಜಕೀಯ ಕಲಹಗಳೂ ಸೇರಿದ್ದವು ನಿಜ. ಆದರೆ ಕಾಲಕ್ರಮ ಸರಿಯಿಲ್ಲದೆ ಇವುಗಳ ಚರ್ಚೆಗೇ ಅರ್ಥವಿಲ್ಲ. ಅಂದಹಾಗೆ, ಬರಿದಾದದ್ದು ನಗರಗಳೇ ಹೊರತು ಜನಾಂಗವಲ್ಲ. ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಜನ ಇಂದಿಗೂ ಅಲ್ಲಿದ್ದಾರೆ.

ನಿಮ್ಮ ತರಗತಿಯಲ್ಲಿ ಒಂದು ಲೆಕ್ಕ ಮಾಡಿಸಿ. ಮೇಲೆ ಹೇಳಿದ ತೊಲೆಯ ಮೇಲಿನ ದಿನಾಂಕ 9, 13, 3, 7, 18. ಅದನ್ನು ದಿನಗಳಿಗೆ ಪರಿವರ್ತಿಸಿ, 365.2425ರಿಂದ ಭಾಗಿಸಿ, ಕ್ರಿ.ಪೂ. 3114ರ ಆಗಸ್ಟ್‌ನಿಂದ ಎಣಿಸಲಿ. ಕ್ರಿ.ಪೂ. 1ರ ನಂತರ ನೇರವಾಗಿ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ ಎಂಬುದನ್ನು ನೆನಪಿಸಿ. ಉತ್ತರ 695 ಬಂದರೆ ಲೆಕ್ಕ ಸರಿ.