ದಕ್ಕಲರ ಕತೆ, ಕಥಾಹಂದರದ ಪ್ರಶ್ನೆ

ದಲಿತರ ಬರಹಕ್ಕೆ ಕಥಾಹಂದರವೇ ಇಲ್ಲ ಅನ್ನುವ ವಿಮರ್ಶೆಗೆ ದಕ್ಕಲರ ಕತೆಗಾರಿಕೆಯೇ ಉತ್ತರ. ಮಾದಿಗರ ಕುಲಪುರಾಣ ಹೇಳಿಕೊಂಡು ಬಂದ ಈ ಜನಕ್ಕೆ ಮಾದಿಗರ ಹಟ್ಟಿಯೊಳಗೂ ಜಾಗವಿರಲಿಲ್ಲ, ಗುಡಾರ ಹಟ್ಟಿಯಾಚೆಗೆ. ಬಾಯಿ ತೆರೆದರೋ, ಅವರ ಜಾಂಬವ ಭೂಮಿ ಹುಟ್ಟೋಕೆ ಆರು ತಿಂಗಳು ಮೊದಲೇ ಹುಟ್ಟಿಬಿಟ್ಟಿರ್ತಾನೆ! ಸೃಷ್ಟಿಗಿಂತ ಮೊದಲೇ ಕತೆ ಶುರು ಮಾಡೋನು ಯಾವ ಪಂಡಿತನ ಅಪ್ಪಣೆಗೆ ಕಾಯಬೇಕು? ಬ್ರಹ್ಮನ ತಲೆ-ಪಾದಗಳ ಲೆಕ್ಕವನ್ನು ಪಕ್ಕಕ್ಕೆ ಸರಿಸಿ, ತನ್ನವನನ್ನು ಮೊದಲಲ್ಲಿ ಕೂರಿಸಿ, ಮಿಕ್ಕ ಕತೆಯನ್ನು ಹೇಳ್ತಾ ಹೇಳ್ತಾನೇ ಬೆಳೆಸ್ತಾನೆ.

ನಮ್ಮ ಪುರವರ ಸೇರಿರುವ ತುಮಕೂರು ಜಿಲ್ಲೆಯಲ್ಲಿ ದಲಿತ ಚಳವಳಿ ಕಟ್ಟಿದ ಕವಿ ಕೆ.ಬಿ. ಸಿದ್ದಯ್ಯ (ನಿಧನ 2019) ಹಿಡಿದದ್ದು ಈ ಜಾಡನ್ನೇ. ‘ದಕ್ಲಕಥಾದೇವಿ’ ಕಾವ್ಯದಲ್ಲಿ ಅಸ್ಪೃಶ್ಯರಿಗೂ ಅಸ್ಪೃಶ್ಯರಾದವರನ್ನು ನಡುವೆ ತಂದು ನಿಲ್ಲಿಸಿದರು. ಇದು ಮೇಲ್ಜಾತಿಗೆ ಹಾಕಿದ ಸವಾಲಷ್ಟೇ ಅಲ್ಲ, ನಮಗೂ ಹಾಕಿದ್ದು. ಕತೆಯನ್ನೇನೋ ಕೇಳಿಸಿಕೊಂಡೆವು, ಹೇಳಿದವನನ್ನು ಒಳಗೆ ಕರೆದೆವಾ?